ಬರೀ ಉಪ್ಪುನೀರಿಗೆ ಅಷ್ಟೊಂದು ಸಂತೋಷಪಟ್ಟ ಹದಿನೇಳನೆಯ ಇಲಿಯವರಿಗೆ

ಇಲಿಮನೆಯ ಮೂರನೆಯ ಸಾಲಿನ ಎರಡನೆಯ ಪಂಜರದ ಖಾಯಂ ನಿವಾಸಿಗಳೂ, ಬೆಳ್ಳನೆಯ ಮೈಯವರೂ, ಕೆಂಪು ಕಣ್ಣಿನವರೂ, ಎಡಗಿವಿಗೆ ಸಂಖ್ಯೆಯ ಓಲೆ ಧರಿಸಿದವರೂ ಆದ ಮಾನ್ಯ ಹದಿನೇಳನೆಯ ಇಲಿಯವರೇ,

ತಮಗೆ ಸಾಷ್ಟಾಂಗ ವಂದನೆಗಳು. ತಾವು ಕ್ಷೇಮವಾಗಿರುವುದನ್ನು ಬೆಳಿಗ್ಗೆ ತಮ್ಮ ನೀರಿನ ಬಾಟಲಿ ಬದಲಿಸುವಾಗ ಕಣ್ಣಾರೆ ಕಂಡಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ನನ್ನ ಕ್ಷೇಮವನ್ನು ತಾವು ಎಂದೂ ವಿಚಾರಿಸಿದವರಲ್ಲವಾದರೂ ನಾನೇ ತಿಳಿಸಿಬಿಡುತ್ತೇನೆ: ಸೋಮವಾರದಿಂದ ನನಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮತ್ತು ಇದಕ್ಕೆಲ್ಲ ತಾವೇ ಕಾರಣ. ಈ ಪತ್ರವನ್ನು ತಮ್ಮ ಪಂಜರಕ್ಕೆ ತಲುಪಿಸದೆ ಕಾರಿಡಾರಿನ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದನ್ನು ಅವಮರ್ಯಾದೆ ಎಂದು ಭಾವಿಸಬಾರದು. ಪಂಜರದೊಳಗೆ ಬಿದ್ದ ಕಾಗದವನ್ನು ತಾವು ಓದುವ ರೀತಿ ನನಗೆ ಗೊತ್ತಿದೆ. ಹೋದ ತಿಂಗಳು ನನ್ನ ರಜೆ ಅರ್ಜಿಯನ್ನು ತಾವು ಓದಿ ಮುಗಿಸುವಷ್ಟರಲ್ಲಿ ಅದು ತಮ್ಮ ಹಾಸಿಗೆಯಾಗಿತ್ತು.

ಫಲಕದ ಮುಂದೆ ನಿಂತು ಓದುವ ಇತರರಿಗಾಗಿ ನನ್ನ ಪರಿಚಯವನ್ನೂ ಹೇಳಬೇಕಾಗಿದೆ. ಈ ಸಂಸ್ಥೆಯ ಇಲಿಮನೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಪ್ರಾಣಿಪಾಲಕ ನಾನು. ಮೇಲಿನ ಮಹಡಿಯಿಂದ ಕೆಳಗಿನ ಮಹಡಿಯವರೆಗೆ ಎಲ್ಲರೂ ಕರೆಯುವುದು ಇಲಿಮಾವ ಎಂದು. ಈ ಇಪ್ಪತ್ತಾರು ವರ್ಷಗಳಲ್ಲಿ ನನ್ನ ದಿನಚರಿ ಪುಸ್ತಕದ ಮೇಲೆ ತಪಾಸಣೆಯವರ ಕೆಂಪು ಗೆರೆ ಒಂದೇ ಒಂದು ಸಲವೂ ಬಿದ್ದಿಲ್ಲ. ನೀರು, ಮೇವು, ಹೊಟ್ಟು, ಕೋಣೆಯ ಶಾಖ, ಎಲ್ಲವೂ ಹೊತ್ತು ಹೊತ್ತಿಗೆ, ದುಂಡು ಅಕ್ಷರದಲ್ಲಿ. ಇಂಥವನನ್ನು ತಾವು ಯಾವ ಸ್ಥಿತಿಗೆ ತಂದಿರಿ ಎಂಬುದನ್ನು ವಿವರಿಸುವುದೇ ಈ ದೂರಿನ ಉದ್ದೇಶ.

ವಿಷಯ ಮೊದಲಿನಿಂದ ಹೇಳುತ್ತೇನೆ. ಅಣಬೆಯಿಂದ ತೆಗೆದ ಒಂದು ಸತ್ವವಿದೆ. ಅದು ಮನುಷ್ಯನ ತಲೆಗೇರಿದರೆ ಗೋಡೆಗಳು ಉಸಿರಾಡುತ್ತವಂತೆ, ಬಣ್ಣಗಳು ಸದ್ದು ಮಾಡುತ್ತವಂತೆ. ಆದರೆ ವೈದ್ಯರ ಕೈಯಲ್ಲಿ, ಅಳತೆ ಮೀರದಂತೆ ಕೊಟ್ಟರೆ, ಮಂಕು ಕವಿದ ಮನಸ್ಸುಗಳು ತಿಳಿಯಾಗಬಹುದು ಎಂಬ ಆಸೆಯೂ ಇದೆ. ಈ ಸತ್ವ ಮಿದುಳಿನ ಯಾವ ಮೂಲೆಯಲ್ಲಿ ಏನು ಮಾಡುತ್ತದೆ ಎಂದು ನೋಡಲು ನಮ್ಮ ದೊಡ್ಡ ಮೇಷ್ಟ್ರು, ಅಂದರೆ ಈ ಪ್ರಯೋಗಾಲಯದ ಮುಖ್ಯಸ್ಥರು, ಇಪ್ಪತ್ನಾಲ್ಕು ಇಲಿಗಳನ್ನು ಆರಿಸಿದರು. ಹನ್ನೆರಡು ಇಲಿಗಳಿಗೆ ಸತ್ವ, ಹನ್ನೆರಡಕ್ಕೆ ಬರೀ ಉಪ್ಪುನೀರು. ಯಾವ ಸಿರಿಂಜಿನಲ್ಲಿ ಯಾವುದು ಎಂಬುದು ಚುಚ್ಚುವವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ, ಅದರ ಪಟ್ಟಿ ಮಾತ್ರ ಮೇಷ್ಟ್ರ ಬೀರುವಿನಲ್ಲಿ ಅರಗು ಹಾಕಿದ ಲಕೋಟೆಯಲ್ಲಿ. ಚುಚ್ಚಿದ ಹತ್ತು ನಿಮಿಷಕ್ಕೆ ಇಲಿಯನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದರೆ, ಮಿದುಳಿನಲ್ಲಿ ರಕ್ತ ಹೆಚ್ಚಾಗಿ ನುಗ್ಗಿದ ಕಡೆಗೆಲ್ಲ ಕಂಪ್ಯೂಟರು ಕೆಂಪು, ಕಿತ್ತಳೆ ಬಣ್ಣ ಬಳಿದು ತೋರಿಸುತ್ತದೆ. ತಮ್ಮ ಮಿದುಳು ಒಂದು ಗೋಡಂಬಿಯಷ್ಟು, ಯಂತ್ರ ಒಂದು ಲಾರಿಯಷ್ಟು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಕೇಳಿದ್ದೆ; ಮೊದಲು ಇಲಿ ಹಿಡಿದು, ಆಮೇಲೆ ಅದರ ಪಕ್ಕಕ್ಕೆ ಬೆಟ್ಟವನ್ನು ತಂದಿಟ್ಟದ್ದನ್ನು ನೋಡಿದ್ದು ಇಲ್ಲೇ.

ಮತ್ತಿನ ಮದ್ದು ಕೊಟ್ಟು ಮಲಗಿಸಿದರೆ ಸತ್ವದ ಆಟ ಸರಿಯಾಗಿ ಕಾಣದಾದ್ದರಿಂದ ಇಲಿ ಎಚ್ಚರವಾಗಿರಬೇಕು, ಆದರೆ ಅಲುಗಾಡಬಾರದು. ಇದು ಮನುಷ್ಯರಿಗೇ ಕಷ್ಟ. ನಮ್ಮ ವಾರದ ಸಭೆಯಲ್ಲಿ ಅಲುಗಾಡದೆ ಕೂತವರೆಲ್ಲ ನಿದ್ದೆಯಲ್ಲಿರುತ್ತಾರೆ. ಹಾಗಾಗಿ ಹದಿನಾಲ್ಕು ದಿನಗಳ ತರಬೇತಿ, ತರಬೇತಿಗೆ ನಾನು. ಸಾಮಾನು ಕೋಣೆಯಲ್ಲಿ ನೀರಿನ ಪೈಪಿನ ತುಂಡಿನಿಂದ ಒಂದು ಸುಳ್ಳು ಯಂತ್ರ ಮಾಡಿ, ಪಕ್ಕಕ್ಕೆ ಸ್ಪೀಕರಿಟ್ಟು, ನಿಜ ಯಂತ್ರದ ಸದ್ದನ್ನು ಹಾಕುತ್ತೇನೆ: ಟಕ್ ಟಕ್ ಟಕ್, ಗೂಂ. ಮೊದಲ ದಿನ ಐದು ನಿಮಿಷ, ಕೊನೆಯ ದಿನ ಒಂದು ಗಂಟೆ. ಉಳಿದ ಇಪ್ಪತ್ಮೂರು ಮಂದಿ ಮೂರು ನಾಲ್ಕು ದಿನಕ್ಕೆ ಒಗ್ಗಿಕೊಂಡು ಪೈಪಿನೊಳಗೆ ಸರ್ಕಾರಿ ಕಚೇರಿಯಲ್ಲಿ ಕೂತಷ್ಟು ನೆಮ್ಮದಿಯಿಂದ ಕೂತರು.

ತಾವು ಮಾತ್ರ ಆರು ದಿನಗಳಲ್ಲಿ ನನ್ನ ಒಂಬತ್ತು ಜೊತೆ ನೀಲಿ ಗ್ಲೌಸುಗಳನ್ನು ಹರಿದು ಹಾಕಿದಿರಿ. ಆ ರಬ್ಬರಿನ ವಾಸನೆ ಕಂಡರೆ ತಮಗೆ ಅದೇನು ಹಗೆಯೋ, ಗ್ಲೌಸು ಪಂಜರದೊಳಗೆ ಬಂದದ್ದೇ ತಡ, ಹಿಂದುಮುಂದು ನೋಡದೆ ಹಲ್ಲು ಊರುತ್ತಿದ್ದಿರಿ. ಏಳನೆಯ ದಿನಕ್ಕೂ ಒಗ್ಗದ ಪ್ರಾಣಿಯನ್ನು ಪಟ್ಟಿಯಿಂದ ತೆಗೆಯಬೇಕೆಂಬುದು ನಿಯಮ. ತೆಗೆಯುವುದು ಎಂದರೆ ಬಾಗಿಲು ತೆರೆದು ಹೋಗಿ ಬನ್ನಿ ಎನ್ನುವುದಲ್ಲ ಎಂಬುದು ಓದುವವರಿಗೆಲ್ಲ ತಿಳಿದಿದೆ. ಅಂಥ ಏಳನೆಯ ದಿನ ತಾವು ಇದ್ದಕ್ಕಿದ್ದಂತೆ ಸಾಧುಗಳಾಗಿ ಪೈಪಿನಲ್ಲಿ ಮಲಗಿಬಿಟ್ಟಿರಿ. ಎಲ್ಲರೂ ನನ್ನ ಬೆನ್ನು ತಟ್ಟಿದರು. ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ, ಕೇಳದಿದ್ದರೆ ನಾನಾಗಿ ಯಾಕೆ ಹೇಳಲಿ ಎಂದು ನಾನೂ ಸುಮ್ಮನಿದ್ದೆ.

ಸ್ಕ್ಯಾನಿಂಗ್ ದಿನ ಬಂತು. ಚುಚ್ಚಿದ್ದು ಸೂಜಿಯಮ್ಮ, ಸಂಶೋಧನೆ ಮಾಡುತ್ತಿರುವ ಈ ಹುಡುಗಿಯ ಕೈ ಎಷ್ಟು ಹಗುರವೆಂದರೆ ಚುಚ್ಚಿಸಿಕೊಂಡ ಇಲಿಗಳು ತಿರುಗಿ ಕೂಡ ನೋಡುವುದಿಲ್ಲ, ಅದಕ್ಕೇ ಆ ಹೆಸರು. ಮುಂದೆ ತಾವು ಮಾಡಿದ್ದು ಜಗಜ್ಜಾಹೀರಾಗಿದೆ. ಬೇರೆ ಇಲಿಗಳ ಮಿದುಳಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಕಂಡರೆ, ತಮ್ಮ ಗೋಡಂಬಿ ಮಾತ್ರ ದೀಪಾಲಂಕಾರ ಮಾಡಿದ ಮನೆಯಂತೆ ಈ ತುದಿಯಿಂದ ಆ ತುದಿಗೆ ಬೆಳಗಿತು. ಪರದೆ ನೋಡುತ್ತಿದ್ದ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತು, "ನೋಡ್ರಪ್ಪಾ, ನೋಡ್ರಿ! ಇದು ಔಷಧ ಅಂದ್ರೆ! ಹತ್ತು ವರ್ಷದಿಂದ ನಾನು ಕಾಯ್ತಿದ್ದದ್ದು ಇದಕ್ಕೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ.

ಲಕೋಟೆ ಒಡೆಯಲು ಇನ್ನೂ ಎರಡು ತಿಂಗಳಿತ್ತು. ಆದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರಿಗೆ ಅವಸರ ಜಾಸ್ತಿ. ಒಂದೇ ವಾರದಲ್ಲಿ ತಮ್ಮ ಮಿದುಳಿನ ಚಿತ್ರ ನಾಲ್ಕಡಿ ಅಗಲವಾಗಿ ಇದೇ ಕಾರಿಡಾರಿನ ಗೋಡೆ ಏರಿತು, ಕೆಳಗೆ ಔಷಧದ ಹೆಸರು, ಅದರ ಮುಂದೆ 'ಆನಂದದ ನಕಾಶೆ' ಎಂಬ ಅಡಿಬರಹ. ಬಂದ ಅತಿಥಿಗಳನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ್ದಾಯಿತು. ಮೇಷ್ಟ್ರು ಚಹಾ ಕುಡಿಯುವ ಕಪ್ಪಿನ ಮೇಲೂ ತಮ್ಮ ಮಿದುಳನ್ನು ಅಚ್ಚು ಹಾಕಿಸಿಕೊಂಡರು. ನಾನು ಪ್ರತಿದಿನ ಬೆಳಿಗ್ಗೆ ಹೊಟ್ಟಿನ ಮೂಟೆ ಹೊತ್ತು ಆ ಚಿತ್ರದ ಮುಂದೆ ಹಾದು ಹೋಗುವಾಗ ಎದೆಯುಬ್ಬಿಸಿದ್ದು ನಿಜ. ನಮ್ಮ ಹುಡುಗ ಎಂಬ ಹೆಮ್ಮೆ, ಏನು ಮಾಡುವುದು.

ಸೋಮವಾರ ಹನ್ನೊಂದಕ್ಕೆ ಸಭೆಯ ಕೋಣೆಯಲ್ಲಿ ಲಕೋಟೆ ಒಡೆದರು. ನನ್ನನ್ನೂ ಕರೆದಿದ್ದರು, ಬಾಗಿಲ ಬಳಿಯ ಕುರ್ಚಿಯಲ್ಲಿದ್ದೆ. ಹದಿನಾರರವರೆಗೆ ಎಲ್ಲ ಸರಾಗವಾಗಿ ಸಾಗಿತು. ಪಟ್ಟಿ ಓದುತ್ತಿದ್ದವರು ಹದಿನೇಳು ಎಂದು ತಟಕ್ಕನೆ ನಿಂತು, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದರು: ಉಪ್ಪುನೀರು. ಮೇಷ್ಟ್ರು ಕೈಯಲ್ಲಿದ್ದ ಕಪ್ಪನ್ನು ಚಿತ್ರ ಕಾಣದಂತೆ ಆ ಕಡೆಗೆ ತಿರುಗಿಸಿಟ್ಟು, "ಸಾಧ್ಯವೇ ಇಲ್ಲ. ಯಾರೋ ಸಿರಿಂಜು ಅದಲು ಬದಲು ಮಾಡಿದಾರೆ" ಎಂದರು. ಎಲ್ಲರ ಕಣ್ಣೂ ಸೂಜಿಯಮ್ಮನ ಮೇಲೆ ಹೋಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಹುಡುಗಿ ಮಧ್ಯಾಹ್ನ ಪಂಜರ ತೊಳೆಯುವ ಕೋಣೆಗೆ ಬಂದು ನೀರಿನ ಸದ್ದಿನ ಮರೆಯಲ್ಲಿ ಅತ್ತಳು. "ಇಲಿಮಾವ, ಒಂದೊಂದು ಸಿರಿಂಜಿನ ನಂಬರನ್ನೂ ಮೂರು ಸಲ ಓದಿ ಹಾಕಿದೀನಿ ನಾನು. ಈಗ ಯಾರು ನಂಬ್ತಾರೆ ಹೇಳಿ" ಎಂದಳು. ನಾನು ತಲೆ ಎತ್ತದೆ ಪಂಜರ ಉಜ್ಜುತ್ತಿದ್ದೆ. ಉಜ್ಜಿದ ಪಂಜರವನ್ನೇ ಮತ್ತೆ ಉಜ್ಜುತ್ತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಸಂಜೆಗೆ ತೀರ್ಮಾನ ಹೊರಬಿತ್ತು. ಔಷಧ ಮೈಯಿಂದ ಹೋದರೂ ಮಿದುಳಿನ ಎಳೆಗಳಲ್ಲಿ ಅದರ ಗುರುತು ಉಳಿದಿರುತ್ತದಂತೆ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾನ್ಯ ಹದಿನೇಳರವರ ಮಿದುಳನ್ನು ತೆಗೆದು, ಹೋಳು ಮಾಡಿ, ತಮಗೆ ಅಂದು ಸಿಕ್ಕಿದ್ದು ಸತ್ವವೋ ಉಪ್ಪುನೀರೋ ಎಂದು ಪರೀಕ್ಷಿಸತಕ್ಕದ್ದು. ಉಳಿದವರಿಗೆ ಇನ್ನೂ ಎರಡು ಸುತ್ತು ಸ್ಕ್ಯಾನಿಂಗ್ ಬಾಕಿ ಇರುವುದರಿಂದ ಅವರಿಗೆ ಸದ್ಯ ತೊಂದರೆಯಿಲ್ಲ. ಇವತ್ತು ಗುರುವಾರ.

ಮಾನ್ಯರೇ, ಈಗ ನನ್ನ ದೂರನ್ನು ಲಾಲಿಸಬೇಕು. ಉಪ್ಪುನೀರಿಗೆ ಹಿಗ್ಗಲು ತಮಗೆ ಅಧಿಕಾರ ಕೊಟ್ಟವರು ಯಾರು? ಕಾಸಿನ ಕಾರಣವಿಲ್ಲದೆ ಇಷ್ಟು ಸಂತೋಷಪಡುವುದು ಒಂದು ವಿಜ್ಞಾನ ಸಂಸ್ಥೆಯಲ್ಲಿ ಶೋಭಿಸುವ ನಡತೆಯೇ? ತಮ್ಮ ನೆರೆಯ ಹದಿನೆಂಟನೆಯವರನ್ನು ನೋಡಿ ಕಲಿಯಬಾರದಿತ್ತೇ: ಅವರಿಗೂ ಉಪ್ಪುನೀರು, ಅವರ ಮಿದುಳು ಸಭ್ಯಸ್ಥರ ಮುಖದಂತೆ ಬೂದು ಬಣ್ಣದಲ್ಲೇ ಇತ್ತು. ತಾವು ಈಗಲಾದರೂ ದೊಡ್ಡ ಮನಸ್ಸು ಮಾಡಿ, ಎರಡು ತಿಂಗಳ ಹಿಂದಿನ ಆ ಮಂಗಳವಾರಕ್ಕೆ ಹಿಂದಿರುಗಿ, ಬೇಸರದಿಂದ ಇನ್ನೊಮ್ಮೆ ಮಲಗಿ ಬರಬೇಕೆಂದು ವಿನಂತಿ. ಅದು ಆಗದಿದ್ದರೆ, ಯಂತ್ರ ಶುರುವಾದ ಕೂಡಲೇ ತಮ್ಮ ಮನಸ್ಸಿನಲ್ಲಿ ಬಂದ ವಿಚಾರವೇನು ಎಂಬುದನ್ನು ಮೂರು ಪ್ರತಿಗಳಲ್ಲಿ ಬರೆದು, ಬಲಗಡೆಯ ಮುಂಗಾಲಿನ ಗುರುತು ಒತ್ತಿ, ನಾಳೆ ಒಂಬತ್ತರೊಳಗೆ ಮೇಷ್ಟ್ರಿಗೆ ಸಲ್ಲಿಸಬಹುದು. ಅದೂ ಆಗದಿದ್ದರೆ ಯಾರಾದರೂ ತಮ್ಮ ಪರವಾಗಿ ಬಾಯಿ ಬಿಡಬೇಕು. ಬಾಯಿ ಇರುವವನು ಇಲ್ಲಿ ಒಬ್ಬನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಸೋಮವಾರದಿಂದ ಮುಟ್ಟಿ ನೋಡಿಕೊಳ್ಳುತ್ತಿರುವುದು ಹೆಗಲನ್ನಲ್ಲ, ಬಲಗೈಯ ಎರಡು ಬೆರಳುಗಳನ್ನು. ತರಬೇತಿಯ ಆರನೆಯ ದಿನ, ಒಂಬತ್ತನೆಯ ಜೊತೆ ಗ್ಲೌಸೂ ಹರಿದ ಮೇಲೆ, ಪೆಟ್ಟಿಗೆಯಲ್ಲಿ ಬೇರೆ ಜೊತೆ ಇರಲಿಲ್ಲ. ಸಾಮಾನು ಕೋಣೆಯಲ್ಲಿ ನಾವಿಬ್ಬರೇ. ನಾಳೆ ತಮ್ಮ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ತಮಗೆ ಗೊತ್ತಿರಲಿಲ್ಲ. ಕಚ್ಚಿದರೆ ಕಚ್ಚಲಿ ಎಂದು ಬರಿಗೈ ಹಾಕಿದೆ. ತಾವು ಕಚ್ಚಲಿಲ್ಲ, ಮೂಸಿದಿರಿ. ನನ್ನ ಮಗಳು ಎರಡು ವರ್ಷದವಳಿದ್ದಾಗ ಹಟ ಹಿಡಿದು ಅತ್ತರೆ ಪಕ್ಕೆಲುಬಿನ ಕೆಳಗೆ ಎರಡು ಬೆರಳು ಓಡಿಸಿದರೆ ಸಾಕಿತ್ತು, ಅಳು ಅರ್ಧಕ್ಕೇ ನಿಂತು ಕಿಲಕಿಲ ಶುರುವಾಗುತ್ತಿತ್ತು. ಈಗ ಅವಳಿಗೆ ಹದಿನಾರು. ಕೈ ಹತ್ತಿರ ತಂದರೆ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಏನಪ್ಪಾ ಇದು, ಸುಮ್ನಿರು" ಎನ್ನುತ್ತಾಳೆ. ಬೆರಳುಗಳಿಗೆ ಬಹಳ ವರ್ಷಗಳಿಂದ ಕೆಲಸವಿರಲಿಲ್ಲ. ಅವು ತಾವಾಗಿಯೇ ತಮ್ಮ ಪಕ್ಕೆಗೆ ಹೋದವು.

ಹೌದು, ಕಚಗುಳಿ ಇಟ್ಟೆ. ತಾವು ಅಂಗಾತ ಬಿದ್ದು ನಾಲ್ಕೂ ಕಾಲು ಆಡಿಸಿದಿರಿ, ಕೈ ತೆಗೆದರೆ ಕೈಯ ಹಿಂದೆಯೇ ಓಡಿ ಬಂದಿರಿ. ಅಂದಿನಿಂದ ಪ್ರತಿದಿನ ಸ್ಪೀಕರಿನಲ್ಲಿ ಟಕ್ ಟಕ್ ಗೂಂ ಶುರುವಾದ ಕೂಡಲೇ ಎರಡು ನಿಮಿಷ ಕಚಗುಳಿ, ಆಮೇಲೆ ಪೈಪು, ಹೊರಗೆ ಬಂದ ಮೇಲೆ ಇನ್ನೆರಡು ನಿಮಿಷ. ಸ್ಕ್ಯಾನಿಂಗ್ ದಿನವೂ ಸೂಜಿಯಮ್ಮ ಚುಚ್ಚಿ ಒಳಗೆ ಹೋದ ಮೇಲಿನ ಹತ್ತು ನಿಮಿಷದಲ್ಲಿ ನಾನು ಕೈ ಹಾಕಿದೆ. ಆ ಹತ್ತು ನಿಮಿಷ ಪ್ರಾಣಿಯನ್ನು ಮುಟ್ಟಕೂಡದು, ಮಾತಾಡಿಸಕೂಡದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಬರೆದವನೂ ನಾನೇ, ಅಕ್ಷರ ದುಂಡಗಿದೆ ಎಂದು ನನ್ನಿಂದಲೇ ಬರೆಸಿದ್ದರು. ತಾವು ಒಳಗೆ ಮಲಗಿದಿರಿ, ಯಂತ್ರ ಟಕ್ ಟಕ್ ಎಂದಿತು, ಇನ್ನೇನು ಆ ಕೈ ಬರುತ್ತದೆ ಎಂದು ತಮ್ಮ ಗೋಡಂಬಿ ಹೊತ್ತಿಕೊಂಡಿತು. ಮೇಷ್ಟ್ರು ಹತ್ತು ವರ್ಷ ಕಾದ ಆನಂದದ ನಕಾಶೆ ಇಷ್ಟೇ.

ಇದನ್ನು ನಿನ್ನೆ ಮಧ್ಯಾಹ್ನ ಮೊದಲು ಸೂಜಿಯಮ್ಮನಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ಒದ್ದೆ ಬ್ರಷ್ಷನ್ನು ನನ್ನ ಮೇಲೆ ಎಸೆದು, "ಎರಡು ದಿನ ನನ್ನ ಅಳಿಸಿಬಿಟ್ಟು ಈಗ ಹೇಳ್ತಿದೀರಾ ಇಲಿಮಾವ?" ಎಂದಳು. ತಲೆತಗ್ಗಿಸಿ ನಿಂತೆ, ಎರಡು ಬಾರಿಸಿದ್ದರೂ ಬೇಡ ಎನ್ನುತ್ತಿರಲಿಲ್ಲ. ಆಮೇಲೆ ಏನೋ ಯೋಚಿಸಿ ಎರಡನೆಯ ಮಹಡಿಗೆ ಓಡಿ, ಬಾವಲಿಗಳ ಅಧ್ಯಯನ ಮಾಡುವವರಿಂದ ಒಂದು ಪುಟ್ಟ ಪೆಟ್ಟಿಗೆ ತಂದಳು. ಮನುಷ್ಯರ ಕಿವಿಗೆ ಎಟುಕದಷ್ಟು ಕೀರಲು ಸದ್ದನ್ನು ಇಳಿಸಿ ಕೇಳಿಸುವ ಪೆಟ್ಟಿಗೆ ಅದು. ತಮ್ಮನ್ನು ಸಾಮಾನು ಕೋಣೆಗೆ ಕರೆದುಕೊಂಡು ಹೋಗಿ, ನಾನು ಕೈ ಕಟ್ಟಿ ದೂರ ನಿಂತು, ಬರೀ ಸ್ಪೀಕರು ಹಾಕಿದೆವು. ಟಕ್ ಟಕ್ ಟಕ್, ಗೂಂ. ಪೆಟ್ಟಿಗೆಯಿಂದ ಚಿಲಿಪಿಲಿ ಚಿಲಿಪಿಲಿ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. "ನಗ್ತಾ ಇದೆ ಇಲಿಮಾವ, ಇದು ನಗು" ಎಂದಳು ಸೂಜಿಯಮ್ಮ. ಎಷ್ಟೋ ವಾರಗಳಿಂದ ತಾವು ನನ್ನ ಕೈಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಿರಿ, ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ನನಗೆ ಅಳು ಬಂತು, ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ. ಹದಿನೆಂಟನೆಯವರಿಗೂ ಅದೇ ಸದ್ದು ಕೇಳಿಸಿದೆವು. ಅವರು ಮೀಸೆ ಒರೆಸಿಕೊಂಡರು, ಅಷ್ಟೆ.

ಔಷಧವೆಲ್ಲ ಬೂಟಾಟಿಕೆ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ನನ್ನ ಅಕ್ಕ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವಳು. ಅವಳ ತಲೆ ಬಾಚಿ, ಬಾಯಿಗೆ ತುತ್ತಿಟ್ಟು ನೋಡಿಕೊಂಡವನು ನಾನು. ಯಾವ ಕಚಗುಳಿಗೂ ಅವಳು ಆ ಗೋಡೆಯಿಂದ ತಿರುಗಲಿಲ್ಲ. ಅಂಥವರಿಗೆ ಒಂದು ಔಷಧ ಸಿಗಲಿ ಎಂದು ಬೇಡಿಕೊಳ್ಳುವವರಲ್ಲಿ ನಾನೂ ಒಬ್ಬ. ಅದಕ್ಕೇ ನನ್ನ ಎರಡು ಬೆರಳು ಮಾಡಿದ ಕೆಲಸ ಔಷಧದ ಹೆಸರಿನಲ್ಲಿ ಗೋಡೆಯ ಮೇಲೆ ಇರಬಾರದು. ನಾಳೆ ಯಾರೋ ಅದನ್ನು ನಂಬಿ ಯಾರದೋ ಅಕ್ಕನಿಗೆ ಕೊಟ್ಟಾರು.

ಆದ್ದರಿಂದ ಮಾನ್ಯರೇ, ತಮ್ಮ ಮೂಲಕ ಮೇಷ್ಟ್ರಿಗೆ ನನ್ನ ಅರಿಕೆ. ನಾಳೆ ಹತ್ತು ಗಂಟೆಗೆ ತಲೆ ಸೀಳಿ ನೋಡುವ ಮೊದಲು ಒಂಬತ್ತೂವರೆಗೆ ಸಾಮಾನು ಕೋಣೆಗೆ ಬಂದು ಐದು ನಿಮಿಷ ಕಿವಿಗೊಟ್ಟು ಕೇಳಬೇಕು. ಸಿರಿಂಜುಗಳಲ್ಲಿ ತಪ್ಪಿರಲಿಲ್ಲ, ಸೂಜಿಯಮ್ಮನ ಕೈಯಲ್ಲೂ ತಪ್ಪಿರಲಿಲ್ಲ. ಪಾಲಕನ ಕೈ ಸೋಕಿ ಕೆಟ್ಟ ಇಲಿಯ ಲೆಕ್ಕ ಪ್ರಯೋಗಕ್ಕೆ ಸಲ್ಲದು. ಔಷಧ ಮುಟ್ಟದೆ ಹೀಗೆ ಪಟ್ಟಿಯಿಂದ ಬಿದ್ದ ಪ್ರಾಣಿಯನ್ನು ಸಾಕುವವರಿಗೆ ಒಪ್ಪಿಸಬಹುದೆಂದು ನಮ್ಮದೇ ನಿಯಮಾವಳಿಯ ಕೊನೆಯ ಪುಟದಲ್ಲಿದೆ. ಆ ಪುಟವನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಬಳಸಿಲ್ಲವಾದ್ದರಿಂದ ಅದು ಹೊಸದರಂತೆ ಬೆಳ್ಳಗಿದೆ. ನಮೂನೆ ತುಂಬಿದ್ದೇನೆ. ಪಶುವೈದ್ಯರು ಸಹಿ ಹಾಕಿದ್ದಾರೆ. ಒಯ್ಯುವ ಉದ್ದೇಶ ಎಂಬ ಕಡೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಮುಂದುವರಿದ ಚಿಕಿತ್ಸೆ ಎಂದು ಬರೆದೆ. ಯಾರ ಚಿಕಿತ್ಸೆ ಎಂದು ನಮೂನೆ ಕೇಳುವುದಿಲ್ಲ. ನನ್ನ ದಿನಚರಿ ಪುಸ್ತಕದಲ್ಲಿ ಸ್ಕ್ಯಾನಿಂಗಿನ ಆ ಮಂಗಳವಾರದ ಮೇಲೆ ತಪಾಸಣೆಯವರಿಗೆ ಶ್ರಮವಾಗದಿರಲೆಂದು ನಾನೇ ಒಂದು ಕೆಂಪು ಗೆರೆ ಎಳೆದಿದ್ದೇನೆ. ಗೆರೆ ನೇರವಾಗಿ ಬಂದಿದೆ. ಇನ್ನು ಮುಂದೆ ಇಲಿಮನೆಯ ಬೀಗದ ಕೈ ಯಾರಿಗೆ ಒಪ್ಪಿಸಬೇಕು ಎಂದು ತಿಳಿಸಿದರೆ ಒಪ್ಪಿಸುತ್ತೇನೆ.

ತಮ್ಮ ಹಲ್ಲಿನ ಗುರುತು ಹದಿನೆಂಟಿದ್ದರೂ
ತಮ್ಮ ವಿಶ್ವಾಸಿಯೇ ಆದ,
ಇಲಿಮಾವ

ವಿ.ಸೂ.: ಗೋಡೆಯ ಚಿತ್ರವನ್ನು ಇಳಿಸುವ ಶ್ರಮವನ್ನು ಮೇಷ್ಟ್ರು ತೆಗೆದುಕೊಳ್ಳಬೇಕಾಗಿಲ್ಲ. ಔಷಧದ ಹೆಸರಿದ್ದ ಜಾಗಕ್ಕೆ ಅಳತೆ ಮಾಡಿ 'ಕಚಗುಳಿ' ಎಂದು ದುಂಡಗೆ ಬರೆದ ಚೀಟಿ ಅಂಟಿಸಿದ್ದೇನೆ, ದೂರದಿಂದ ಗೊತ್ತಾಗುವುದಿಲ್ಲ. ಚಹಾ ಕಪ್ಪಿಗೆ ಮಾತ್ರ ಅಂಟು ನಿಲ್ಲಲಿಲ್ಲ, ಕ್ಷಮಿಸಬೇಕು. ನಮೂನೆಯಲ್ಲಿ ಅವರ ಸಹಿಯ ಜಾಗ ಖಾಲಿ ಇದೆ, ಪೆನ್ನನ್ನು ದಾರದಲ್ಲಿ ಕಟ್ಟಿ ಅಲ್ಲೇ ಇಟ್ಟಿದ್ದೇನೆ. ಇನ್ನು ತಮಗೆ ಒಂದು ಮಾತು, ಮಾನ್ಯರೇ: ನಾಳೆ ಹತ್ತು ಗಂಟೆಗೆ ಪಂಜರದೊಳಗೆ ಒಂದು ಕೈ ಬರುತ್ತದೆ. ಅದಕ್ಕೆ ನೀಲಿ ಗ್ಲೌಸು ಇದ್ದರೆ ದಯಮಾಡಿ ಚೆನ್ನಾಗಿ ಕಚ್ಚಬೇಕು. ಬರಿಗೈ ಆಗಿದ್ದರೆ ನಾನೇ ಬಂದಿದ್ದೇನೆ ಎಂದು ತಿಳಿಯಿರಿ, ಮನೆಗೆ ಹೋಗೋಣ.